ಸೇತುವೆಯಾಚೆಯ ನೀಲಿ ಬಾಗಿಲು

ಮದುವೆಯಾದ ಹೊಸತರಲ್ಲೇ ಡ್ರೈವರನಿಗೆ ಇನ್ನೊಂದು ಕೆಲಸವೂ ಗಂಟುಬಿದ್ದಿತ್ತು. ಅದಕ್ಕೆ ಸಂಬಳವಿಲ್ಲ, ರಜೆಯೂ ಇಲ್ಲ. ಅವನ ಬಸ್ಸು ಒಂದು ದಿನ ಸೇತುವೆ ದಾಟಿ ಮೇಲ್ಸೀಮೆಗೆ ಹೋದರೆ ಮರುದಿನ ಅಲ್ಲಿಂದ ಕೆಳಗೆ ಬರುತ್ತಿತ್ತು. ಆ ದಾರಿಯ ಕೊನೆಯ ಊರು ಹೆಂಡತಿಯ ತವರು. ಅವನು ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತ ಕೂಡಲೇ ಅವಳು ಕೇಳುವಳು: “ಏನು ನೋಡಿದ್ರಿ?”

ಸುದ್ದಿ ಅವಳಿಗೆ ಬೇಕಿರಲಿಲ್ಲ. ಯಾರಿಗೆ ಮಗುವಾಯಿತು, ಯಾರು ಯಾರ ಮೇಲೆ ಕೇಸು ಹಾಕಿದರು ಎಂಬುದನ್ನೆಲ್ಲ ಅವಳ ತಮ್ಮ ಫೋನಿನಲ್ಲಿ ಹೇಳುತ್ತಿದ್ದ. ಅವಳಿಗೆ ಬೇಕಾದದ್ದು ಕಣ್ಣಿಗೆ ಬಿದ್ದದ್ದು, ಅದೂ ಒಂದೇ ಒಂದು. ಕ್ಷೌರದಂಗಡಿಯವನು ಹೊರಗೆ ಕುರ್ಚಿ ಹಾಕಿ ತಾನೇ ಗಡ್ಡ ಕೆರೆದುಕೊಳ್ಳುತ್ತಿದ್ದ. ಶಾಲೆಯ ಗೇಟಿಗೆ ಯಾರೋ ಆಡು ಕಟ್ಟಿದ್ದರು. ಅಷ್ಟು ಸಾಕು. ಅವಳು ಅದನ್ನು ಬಾಯಲ್ಲಿಟ್ಟುಕೊಂಡ ಕಲ್ಲುಸಕ್ಕರೆಯ ಹಾಗೆ ಸಂಜೆಯವರೆಗೂ ಕರಗಿಸುತ್ತಿದ್ದಳು. ಇನ್ನೊಂದು ಹೇಳಹೊರಟರೆ, “ಸಾಕು, ನಾಡಿದ್ದಿಗಿರಲಿ,” ಎಂದು ಏಳುವಳು.

ರಸ್ತೆ ನೋಡುವ ಕಣ್ಣಿಗೆ ಊರೆಲ್ಲಿ ಕಾಣಬೇಕು? ಮೊದಮೊದಲು ಡ್ರೈವರ್ ಸಿಡುಕುತ್ತಿದ್ದ. ಆದರೆ ಬರಿಗೈಲಿ ಬಂದ ದಿನ ಅವಳ ಮುಖ ಹೇಗೆ ಸಣ್ಣದಾಗುತ್ತದೆಂದು ಕಂಡ ಮೇಲೆ ಕಲಿತ. ತವರುಮನೆಯ ಮುಂದೆ ಗೇರು ಇಳಿಸಿ ಸಣ್ಣಗೆ ಹಾರ್ನ್ ಹೊಡೆಯುವುದೂ ಆಗಲೇ ಅಭ್ಯಾಸವಾಯಿತು. ನೀಲಿ ಬಾಗಿಲು ತೆರೆದು ಅತ್ತೆ ಹೊರಗೆ ಬಂದು ಕೈಯೆತ್ತುತ್ತಿದ್ದರು. ಅತ್ತೆ ತೀರಿಕೊಂಡ ಮೇಲೂ ಹಾರ್ನ್ ನಿಲ್ಲಲಿಲ್ಲ.

ಆಮೇಲೆ ರಸ್ತೆ ಅಗಲ ಮಾಡಿದರು. ಒಂದು ಬೆಳಿಗ್ಗೆ ಅವನು ಗೇರು ಇಳಿಸಿದಾಗ ಅಲ್ಲಿ ಮನೆಯಿರಲಿಲ್ಲ. ಮಣ್ಣಿನ ಗುಡ್ಡೆಯ ಮೇಲೆ ನೀಲಿ ಬಾಗಿಲು ಅಂಗಾತ ಬಿದ್ದಿತ್ತು. ಸ್ಟ್ಯಾಂಡಿನಲ್ಲಿ ಹೆಂಡತಿಯ ತಮ್ಮ ಕಾಯುತ್ತಿದ್ದ. “ಭಾವ, ಅಕ್ಕನಿಗೆ ಈಗಲೇ ಹೇಳಬೇಡಿ. ತಡ್ಕೊಳ್ಳಲ್ಲ. ನಾನೇ ಒಂದಿನ ಸಮಯ ನೋಡಿ ಹೇಳ್ತೀನಿ.” ಆ ಸಮಯ ಬರಲೇ ಇಲ್ಲ. ತಮ್ಮ ಮಾರುಕಟ್ಟೆಯ ಹಿಂದೆ ಮಹಡಿ ಮೇಲೊಂದು ಮನೆ ಬಾಡಿಗೆಗೆ ಹಿಡಿದ. ಇತ್ತ ಡ್ರೈವರನ ತಾಯಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಅವರನ್ನು ಬಿಟ್ಟು ಸೊಸೆ ತವರಿಗೆ ಹೋಗುವ ಮಾತೇ ನಿಂತುಹೋಯಿತು. ಡ್ರೈವರ್ ಮಾತ್ರ ಒಂದು ದಿನ ಬಿಟ್ಟು ಒಂದು ದಿನ ಊಟಕ್ಕೆ ಕೂತು ಇಲ್ಲದ ಮನೆಯನ್ನು ಕಟ್ಟುತ್ತ ಬಂದ. ಬಾಗಿಲು ತೆರೆದಿತ್ತು. ಬಾಗಿಲ ಮುಂದೆ ಬೆಕ್ಕು ಮಲಗಿತ್ತು.

ಹೀಗೆ ನಡೆದಿರುವಾಗ ರಾಜ್ಯವನ್ನು ಎರಡು ಮಾಡಬಹುದು ಎಂದು ಸಮಿತಿಯ ವರದಿ ಬಂತು. ಟೀವಿಯಲ್ಲಿ ನಕ್ಷೆಯ ಮಧ್ಯೆ, ಹೊಳೆಯ ಉದ್ದಕ್ಕೂ, ಕೆಂಪು ಗೆರೆ ಎಳೆದು ತೋರಿಸಿದರು. ಭಾನುವಾರ, ಎಲ್ಲರೂ ಊಟಕ್ಕೆ ಕೂತಿದ್ದರು.

“ಆಗ್ಲಿ ಬಿಡಿ,” ಎಂದ ಮಗ. ಬ್ಯಾನರ್ ಮುದ್ರಿಸುವ ಅಂಗಡಿಯಲ್ಲಿ ಅವನಿಗೆ ಕೆಲಸ. “ದಿನಾ ಅಳೋರನ್ನ ಜೊತೇಲಿಟ್ಕೊಂಡು ಯಾರಿಗೆ ಸುಖ? ನಮ್ಮ ತೆರಿಗೆ ಅವರಿಗೆ, ಅವರ ಬೈಗುಳ ನಮಗೆ.”

“ನಿನ್ನ ತೆರಿಗೆಯಿಂದ ಅವರಿಗೇನು ಬಂತು, ಒಂದು ಹೇಳು,” ಎಂದಳು ಅವನ ಅಕ್ಕ. ಅವಳು ದೊಡ್ಡಾಸ್ಪತ್ರೆಯಲ್ಲಿ ನರ್ಸು. “ನಮ್ಮ ವಾರ್ಡಿಗೆ ಆ ಕಡೆಯಿಂದ ಅರ್ಧ ದಿನ ದಾರಿ ಸವೆಸಿ ಆಂಬುಲೆನ್ಸ್ ಬರುತ್ತೆ. ಬಾಗಿಲು ತೆಗೆಯೋಕೇ ನಂಗೆ ಭಯ. ಒಂದು ಸ್ಕ್ಯಾನಿಂಗ್ ಮೆಷಿನ್ ಇಲ್ಲ ಕಣೋ ಅಲ್ಲಿ. ಕೋರ್ಟು ಇಲ್ಲಿ, ಕಾಲೇಜು ಇಲ್ಲಿ, ಕಾರ್ಖಾನೆ ಇಲ್ಲಿ. ಅವರಿಗೆ ಕೊಟ್ಟಿರೋದು ಒಂದು ಸೇತುವೆ, ಇಲ್ಲಿಗೆ ಬರೋಕೆ.”

“ಅದಕ್ಕೇ ಬೇರೆ ಆಗ್ಲಿ ಅಂದಿದ್ದು. ನೀನೂ ಅದನ್ನೇ ಹೇಳ್ತಿದ್ದೀಯ.”

“ನಾನು ಅವರಿಗೆ ಸಿಗಲಿ ಅಂತಿದ್ದೀನಿ. ನೀನು ತೊಲಗಲಿ ಅಂತಿದ್ದೀಯ.”

“ಉಂಡಾದ ಮೇಲೆ ಭಾಗ ಮಾಡ್ಕೊಳ್ಳಿ,” ಎಂದರು ಅಜ್ಜಿ. “ಬೇಳೆ ಆರಿಹೋಗ್ತಿದೆ.” ಆಮೇಲೆ ಸೊಸೆಯ ಕಡೆ ತಿರುಗಿ, “ಏನೇ, ಇನ್ಮೇಲೆ ನೀನು ಪರದೇಶದವಳು. ನನ್ನ ಸೊಂಟಕ್ಕೆ ಎಣ್ಣೆ ತಿಕ್ಕೋಕೂ ಪರ್ಮಿಷನ್ ತಗೋಬೇಕೇನೋ.”

“ನಿಮ್ಮ ಸೊಂಟಾನೂ ಎರಡಾಗಿತ್ತು ಅತ್ತೆ. ಒಂದು ಮಾಡಿದ್ದು ಯಾರು?”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಟೀವಿಯಲ್ಲಿ ಆ ಕಡೆಯ ಮೆರವಣಿಗೆ ತೋರಿಸುತ್ತಿದ್ದರು. ಅವಳು ಜನರನ್ನು ನೋಡದೆ ಅವರ ಬೆನ್ನ ಹಿಂದಿನ ಬೀದಿಯನ್ನು ನೋಡುತ್ತಿದ್ದಾಳೆಂದು ಡ್ರೈವರನಿಗೆ ಗೊತ್ತಾಯಿತು.

*

ಡಿಪೋದಲ್ಲಿ ಅಲ್ಲಿಯವರೆಗೆ ಎಲ್ಲರೂ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು. ವರದಿ ಬಂದ ವಾರದಲ್ಲೇ ಆ ಕಡೆಯವರು ನಲ್ಲಿಯ ಪಕ್ಕಕ್ಕೂ ಈ ಕಡೆಯವರು ಟೈರುಗಳ ಪಕ್ಕಕ್ಕೂ ಸರಿದರು. ಡ್ರೈವರನ ಬಸ್ಸಿನ ಕಂಡಕ್ಟರನಿಗೆ ಮಾತು ಹೆಚ್ಚು. ಅದಕ್ಕೇ ಎಲ್ಲರೂ ಅವನನ್ನು ಗಿಣಿ ಎನ್ನುತ್ತಿದ್ದರು. ಅವನು ಮೇಲ್ಸೀಮೆಯವನು. ಬುತ್ತಿ ಹಿಡಿದು ಎರಡು ಗುಂಪಿನ ನಡುವೆ ನಿಂತುಕೊಂಡ.

“ಅಣ್ಣ, ಎಲ್ಲಿ ಕೂತ್ಕೊಳ್ಳಲಿ?”

“ನಾನು ಎಲ್ಲಿ ಕೂತಿದ್ದೀನೋ ಅಲ್ಲಿ.”

“ಅಲ್ಲಿ ಕೂತ್ರೆ ನಮ್ಮೋರು ಬೈತಾರೆ. ಇಲ್ಲಿ ಕೂತ್ರೆ ನಿಮ್ಮೋರು ಬೈತಾರೆ.”

ಡ್ರೈವರ್ ಎದ್ದ. ಇಬ್ಬರೂ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಕೂತು ತಿಂದರು.

ತಿಂಗಳಾಗುವುದರೊಳಗೆ ಮ್ಯಾನೇಜರು ಎಲ್ಲರನ್ನೂ ಸೇರಿಸಿ ಹೇಳಿದರು. ರಾಜ್ಯ ಎರಡಾಗಲಿ ಬಿಡಲಿ, ಡಿಪೋ ಎರಡಾಗುವುದು ಖಂಡಿತ. ಯಾರು ಯಾವ ಕಡೆಯ ಡಿಪೋಗೆ ಎಂದು ಬೇಗ ಹೇಳಬೇಕು. ಒಮ್ಮೆ ಹೇಳಿದ ಮೇಲೆ ನಿವೃತ್ತಿಯವರೆಗೂ ಅದೇ.

ಡ್ರೈವರ್ ಮನೆಗೆ ಬಂದಾಗ ಹೆಂಡತಿ ಬಸ್ಸಿನ ಸೀಟಿಗೆ ಕವರು ಹೊಲಿಯುತ್ತಿದ್ದಳು. ಡಿಪೋದ ಹರಿದ ಸೀಟುಗಳೆಲ್ಲ ಅವಳ ಕೈಗೇ ಬರುತ್ತಿದ್ದವು. ಮುಂದಿನ ಕೋಣೆಯ ತುಂಬ ರೆಕ್ಸಿನ್ನಿನ ವಾಸನೆ. ಮೆಷಿನ್ನಿಗೆ ಸಿಗದ ಮೂಲೆಗಳನ್ನು ಅವಳು ದಬ್ಬಳದಲ್ಲಿ ಕೈಯಿಂದಲೇ ಹೊಲಿಯುವಳು. ಡಿಪೋದ ವಿಷಯ ಅವನಿಗಿಂತ ಮೊದಲೇ ಬೀದಿಗೆ ಬಂದಿತ್ತು.

“ಆ ಕಡೆ ಹೇಳಿ,” ಎಂದಳು, ದಾರದ ತುದಿ ಹಲ್ಲಿನಿಂದ ಕಡಿದು.

ಅವನು ನೀರು ಕುಡಿದ.

“ಇಷ್ಟು ವರ್ಷ ನಿಮ್ಮ ಕಡೆ ಬಾಳಿದೆ. ಬೇಜಾರಲ್ಲಿ ಹೇಳ್ತಿಲ್ಲ, ಚೆನ್ನಾಗೇ ಬಾಳಿದೆ. ಮಿಕ್ಕಿದ್ದು ಅಲ್ಲಿ ಬಾಳೋಣ. ಆ ಬೀದೀಲಿ ಎರಡು ರೂಮು ಸಿಕ್ಕಿದ್ರೆ ಸಾಕು. ಮಕ್ಕಳಿಗೆ ಅವರವರ ಕೆಲಸ ಇದೆ, ಈ ಮನೆ ಇದೆ. ಅತ್ತೇನ ಕರ್ಕೊಂಡು ಹೋಗೋಣ.”

“ಅಮ್ಮ ಬರಲ್ಲ.”

“ಕೇಳಿದ್ರಾ?”

“ಕೇಳೋದೇನು, ಗೊತ್ತು.”

“ನಾನಿಲ್ಲೇ ಇದ್ದೀನಿ, ಸತ್ತಿಲ್ಲ,” ಎಂದು ಒಳಕೋಣೆಯಿಂದ ಅಜ್ಜಿಯ ದನಿ ಬಂತು. “ಅಲ್ಲಿ ಬಚ್ಚಲು ಮನೆಯೊಳಗಿದ್ರೆ ಬರ್ತೀನಿ. ಹೊರಗಿದ್ರೆ ಬರಲ್ಲ. ನನ್ನ ರಾಜಕೀಯ ಅಷ್ಟೇ.”

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಆಚೆಯೂ ಇಲ್ಲ ಈಚೆಯೂ ಇಲ್ಲ ಎಂಬಂತೆ, ಅಡ್ಡಗೋಡೆಯ ಮೇಲೆ ದೀಪವಿಟ್ಟು, “ನೋಡೋಣ,” ಎಂದ.

ಆ ‘ನೋಡೋಣ’ ವಾರಗಟ್ಟಲೆ ನಡೆಯಿತು. ಮೇಲಿನ ಡಿಪೋ ಎಂದರೆ ಅವಳನ್ನು ಆ ರಸ್ತೆಯ ಮೇಲೆ ತಂದು ನಿಲ್ಲಿಸಬೇಕು. ಕೆಳಗಿನ ಡಿಪೋ ಎಂದರೆ ಅವಳು ಬಾಯಿಬಿಟ್ಟು ಕೇಳಿದ ಒಂದೇ ಒಂದನ್ನು ಇಲ್ಲವೆನ್ನಬೇಕು. ಸೀರೆ ಕೇಳಿದವಳಲ್ಲ, ಓಲೆ ಕೇಳಿದವಳಲ್ಲ. ಬಸ್ಸಿಳಿದು ಬಂದ ದಿನವೆಲ್ಲ ಅವಳು, “ಏನು ನೋಡಿದ್ರಿ?” ಎಂದರೆ ಅವನು, “ಬಾಗಿಲು ಅರ್ಧ ತೆರೆದಿತ್ತು,” ಎನ್ನುವನು. ಅವಳು ತಲೆದೂಗಿ ಅನ್ನ ಬಡಿಸುವಳು.

ಮಗ ಅಪ್ಪನ ಮೌನಕ್ಕೆ ಬೇರೆಯೇ ಅರ್ಥ ಹಚ್ಚಿದ. “ಅಪ್ಪ ಯಾಕೆ ಹೋಗಬೇಕು ಆ ಕಡೆ? ಕಲ್ಲೇಟು ತಿನ್ನೋಕಾ? ಮೊನ್ನೆ ಗಾಜಿಗೆ ಬಿತ್ತಲ್ಲ.”

“ಅದು ಈ ಕಡೆಯವರು ಹೊಡೆದಿದ್ದು,” ಎಂದ ಡ್ರೈವರ್. “ಬಸ್ಸಿನ ಮೇಲೆ ಆ ಊರಿನ ಹೆಸರಿತ್ತು ಅಂತ.”

ನರ್ಸು ತಾಯಿಯ ಪಕ್ಕ ಕೂತು, “ಒಂದ್ಸಲ ಹೋಗಿ ನೋಡ್ಕೊಂಡು ಬಾರಮ್ಮ. ಅಜ್ಜೀನ ನಾವು ನೋಡ್ಕೊಳ್ತೀವಿ,” ಎಂದಳು. “ಆಮೇಲೆ ನೀನೇ ಹೇಳು, ಯಾವ ಕಡೆ ಅಂತ.”

ಹೆಂಡತಿಯ ಕೈ ದಬ್ಬಳದ ಮೇಲೇ ನಿಂತಿತು. “ಹೌದು. ನೋಡ್ಕೊಂಡು ಬಂದು ಹೇಳ್ತೀನಿ.”

“ಈಗ ಬೇಡ,” ಎಂದ ಡ್ರೈವರ್. “ದಾರಿ ಸರಿಯಿಲ್ಲ.”

“ದಾರಿ ಸರಿಯಿಲ್ಲದಿದ್ರೆ ನೀವು ಹೇಗೆ ಹೋಗ್ತೀರಿ?”

“ಬಸ್ಸು ತುಂಬಿರುತ್ತೆ.”

“ನಾನೇ ಹೊಲಿದ ಸೀಟಿನಲ್ಲಿ ನನಗೆ ಜಾಗವಿಲ್ವಾ?”

“ಹೋಗಿ ಬಾರೇ,” ಎಂದರು ಅಜ್ಜಿ. “ಇವನು ಹೀಗೇ. ಹುಟ್ಟೋಕೂ ಹೊತ್ತು ಮಾಡ್ದ.”

*

ಅವಳು ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲೇ ಕೂತಳು. ಸೇತುವೆಯ ಈ ತುದಿಯಲ್ಲಿ ಹುಡುಗರು ಬ್ಯಾನರ್ ಹಿಡಿದು ಬಸ್ಸು ನಿಲ್ಲಿಸಿದರು. ‘ಒಂದೇ ಇರಲಿ’ ಎಂದು ಕೆಂಪು ಅಕ್ಷರ. ಆ ತುದಿಯಲ್ಲೂ ಹುಡುಗರು, ಅಲ್ಲೂ ಬ್ಯಾನರು. ‘ಬೇರೆ ಆಗಲಿ’ ಎಂದು ಅದೇ ಕೆಂಪು.

“ಎರಡೂ ನಮ್ಮ ಮಗನ ಅಂಗಡಿದೇ,” ಎಂದಳು ಅವಳು. “ಮೂಲೇಲಿ ಇಂಕು ಕದಡಿದೆ ನೋಡಿ. ಅವನ ಮೆಷಿನ್ನು ಹಾಗೇ ಮಾಡೋದು.”

ಗಿಣಿ ಹೊಟ್ಟೆ ಹಿಡಿದುಕೊಂಡು ನಕ್ಕ. ಡ್ರೈವರನಿಗೆ ನಗು ಬರಲಿಲ್ಲ. ಸೇತುವೆ ದಾಟಿದ ಮೇಲೆ ಅವಳ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದ. ಕಿಟಕಿಯ ಗಾಜು ಸರಿಸಿ, ಕಣ್ಣು ಮುಚ್ಚಿ ಗಾಳಿಗೆ ಮುಖ ಒಡ್ಡಿದ್ದಳು. ಈ ಮುಖವನ್ನು ಅವನು ಮದುವೆಯ ದಿನ ಬಿಟ್ಟರೆ ಮತ್ತೆ ನೋಡಿರಲಿಲ್ಲ.

ಊರು ಬಂತು. ಶಾಲೆ ಬಂತು, ಕ್ಷೌರದಂಗಡಿ ಬಂತು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಳ್ಳುತ್ತಲೇ ತಿರುವು ಬಂತು. ನಿಲ್ಲಿಸದೆ ಹೋಗಬೇಕೆಂದುಕೊಂಡರೂ ವರ್ಷಗಳ ಅಭ್ಯಾಸದಿಂದ ಅವನ ಕೈ ಗೇರು ಇಳಿಸಿತು. ಹಾರ್ನು ತಾನಾಗಿಯೇ ಕೂಗಿತು.

“ಒಂದು ನಿಮಿಷ ನಿಲ್ಲಿಸಿ ರೀ.”

ನಿಲ್ಲಿಸಿದ. ಅವಳು ಎದ್ದು ಬಾಗಿಲಿಗೆ ಬಂದು, ಕಂಬಿ ಹಿಡಿದು ನಿಂತಳು. ಎದುರಿಗೆ ಅಗಲವಾದ ರಸ್ತೆ, ನಡುವೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ದೀಪದ ಕಂಬ. ಕಂಬದ ಬುಡದಲ್ಲಿ ಧೂಳು ಹಿಡಿದ ಗಿಡ. ಹಿಂದಿನಿಂದ ಯಾರೋ, “ಏನ್ರೀ, ಇಲ್ಲಿ ಸ್ಟಾಪಿದೆಯಾ?” ಎಂದರು. ಗಿಣಿ ಮೊದಲ ಸಲ ಮಾತಿಲ್ಲದೆ ನಿಂತಿದ್ದ.

ಅವಳು ನೋಡಿದಳು. ಕಂಬದಿಂದ ಆಚೆ, ಆಚೆಯಿಂದ ಮತ್ತೆ ಈಚೆ, ಕಣ್ಣಲ್ಲೇ ಅಳೆಯುವವಳ ಹಾಗೆ. ಆಮೇಲೆ ಮೆಲ್ಲಗೆ ಹೇಳಿದಳು: “ಬಾಗಿಲಿಗೆ ಇನ್ನೊಂದು ಕೈ ಬಣ್ಣ ಬೇಕು.”

ಡ್ರೈವರ್ ಸ್ಟಿಯರಿಂಗಿನ ಮೇಲೆ ತಲೆ ತಗ್ಗಿಸಿದ.

“ಹೊರಡಿ. ಜನ ಕಾಯ್ತಿದ್ದಾರೆ.”

ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಅವನು ತನ್ನ ಸೀಟಿನಲ್ಲೇ ಕೂತಿದ್ದ. ಅವಳು ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ.

“ನಿನಗೆ ಯಾರು ಹೇಳಿದ್ರು?”

“ನೀವೇ.”

“ನಾನಾ?”

“ಒಂದಿನ ಬಂದು ಏನೂ ಹೇಳಲಿಲ್ಲ ನೀವು. ತಲೆನೋವು ಅಂದ್ರಿ. ಬಚ್ಚಲಲ್ಲಿ ಕಾಲು ತೊಳೀತಾನೇ ಇದ್ರಿ, ಒಂದು ಬಕೆಟ್ ನೀರು ಖಾಲಿ ಆಯ್ತು. ಅದಕ್ಕೆ ಮುಂಚೆ ನಾಯಿ, ಆಡು, ಕ್ಷೌರದವನು ಅಂತ ಏನೇನೋ ಹೇಳ್ತಿದ್ರಿ. ಆಮೇಲೆ ಬರೀ ಬಾಗಿಲು, ಬಾಗಿಲು. ಇರೋ ಬಾಗಿಲ ಬಗ್ಗೆ ಯಾರು ರೀ ದಿನಾ ಮಾತಾಡ್ತಾರೆ?”

ಅವನು ಸೀಟಿನಲ್ಲೇ ಹಿಂದಕ್ಕೆ ತಿರುಗಿದ. “ಮತ್ತೆ ಯಾಕೆ ಕೇಳ್ತಾ ಇದ್ದೆ?”

“ನೀವು ಹೇಳ್ತಾ ಇದ್ರಲ್ಲ, ಅದಕ್ಕೆ.” ಚೀಲದ ಹಿಡಿಯನ್ನು ಸುತ್ತಿ ಬಿಡಿಸಿದಳು. “ಅಷ್ಟೊತ್ತು ಇರ್ತಿತ್ತು ಅದು.”

ಅವನು ಕೇಳಿದ, “ಮನೆಯಿಲ್ಲ ಅಂತ ಗೊತ್ತಿದ್ದೂ ಈ ಕಡೆ ಬರೋಣ ಅಂದ್ಯಲ್ಲ.”

“ಮನೆಗಲ್ಲ. ತರಕಾರಿ ತರೋಕೆ ಹೋದಾಗ ನಾಲ್ಕು ಜನ ನಮ್ಮಮ್ಮ ಮಾತಾಡೋ ಹಾಗೆ ಮಾತಾಡೋದು ಕಿವಿಗೆ ಬಿದ್ರೆ ಸಾಕು ಅಂತ.”

*

ಎರಡು ದಿನ ತಮ್ಮನ ಮನೆಯಲ್ಲಿದ್ದು ಬರುತ್ತೇನೆಂದು ಉಳಿದಳು. ಡ್ರೈವರ್ ಮರುದಿನ ಬಸ್ಸು ಕೆಳಗಿಳಿಸಿದ. ಅವನು ದಾಟಿದ ಸಂಜೆಯೇ ಸೇತುವೆಯ ಎರಡೂ ತುದಿಗೆ ಮರ ಅಡ್ಡ ಹಾಕಿ, ಜನ ಕೂತರು. ಪೊಲೀಸರು ಬಂದು ಸೇತುವೆಯನ್ನೇ ಮುಚ್ಚಿದರು. ಬಸ್ಸುಗಳು ಈಚೆ ದಡದಿಂದಲೇ ಹಿಂದಿರುಗತೊಡಗಿದವು. ಎರಡು ದಿನ ಎರಡು ವಾರವಾಯಿತು. ಅದಕ್ಕಿಂತಲೂ ಹೆಚ್ಚಾಯಿತು.

ಮನೆಯಲ್ಲಿ ಅಡುಗೆ ಮಗನ ಪಾಲಿಗೆ ಬಂತು. ಅಜ್ಜಿ ಹಾಸಿಗೆಯಿಂದಲೇ ಅಪ್ಪಣೆ ಕೊಡಿಸುವರು.

“ಇಷ್ಟು ವರ್ಷ ಅವಳ ಬೇಳೇಲಿ ಉಪ್ಪು ಕಡಿಮೆ ಅಂತಿದ್ದೆ,” ಎಂದರು ಒಂದು ದಿನ. “ನಿಂದ್ರಲ್ಲಿ ಉಪ್ಪಿದೆ. ಬೇಳೆ ಎಲ್ಲಿ?”

“ತಳದಲ್ಲಿದೆ ಅಜ್ಜಿ. ಹತ್ತಿಕೊಂಡಿದೆ.”

“ನಿನ್ನ ಅಂಗಡಿಯವರಿಗೆ ಹೇಳಿ ಒಂದು ಬ್ಯಾನರ್ ಮಾಡ್ಸೋ. ‘ನಮ್ಮ ಸೊಸೇನ ನಮಗೆ ಕೊಡಿ’ ಅಂತ.”

ಮಗ ಸೌಟು ತೊಳೆಯುತ್ತಾ ಹೇಳಿದ, “ಇವತ್ತು ‘ಆಚೆಯವರು ಆಚೆಗೆ’ ಅಂತ ಒಂದು ಆರ್ಡರ್ ಬಂತು. ಕೈ ಬರಲಿಲ್ಲ. ಮೆಷಿನ್ ಕೆಟ್ಟಿದೆ ಅಂದುಬಿಟ್ಟೆ.” ಅವನ ಅಕ್ಕ ಮಾತಾಡದೆ, ಹತ್ತಿಕೊಂಡ ಬೇಳೆಯನ್ನು ತನ್ನ ತಟ್ಟೆಗೆ ಕೆರೆದು ಹಾಕಿಕೊಂಡಳು.

ಮುಂದಿನ ಕೋಣೆಯಲ್ಲಿ ಸೀಟುಗಳು ರಾಶಿಬಿದ್ದವು. ಡ್ರೈವರ್ ಒಂದು ಮೂಲೆ ಹೊಲಿಯಹೋಗಿ ದಬ್ಬಳ ಬೆರಳಿಗೆ ಚುಚ್ಚಿಸಿಕೊಂಡ. ಬಾಯಲ್ಲಿ ಬೆರಳಿಟ್ಟುಕೊಂಡು, ಅವಳು ಕೂರುವ ಮಣೆಯ ಮೇಲೇ ಬಹಳ ಹೊತ್ತು ಕೂತಿದ್ದ.

ಸಂಜೆ ಫೋನು ಬರುತ್ತಿತ್ತು. ಈಗ ಅವನೇ ಕೇಳುವನು: “ಏನು ನೋಡಿದೆ?”

“ಕ್ಷೌರದವನು ಮುದುಕ ಆಗಿದ್ದಾನೆ. ನೀವು ಹೇಳೇ ಇಲ್ಲ.”

ಇನ್ನೊಂದು ದಿನ: “ತಮ್ಮನ ಮಹಡಿ ಮೇಲಿಂದ ಹೊಳೆ ಕಾಣುತ್ತೆ. ಆಚೆ ನಿಮ್ಮ ಕಡೆ ಹೊಗೆ ಕಾಣುತ್ತೆ, ಕಾರ್ಖಾನೇದು. ಬಟ್ಟೆ ಒಣಗಿಸೋಕೆ ಹೋದ್ರೆ ಕೆಳಗಿಳಿಯೋಕೆ ಮನಸ್ಸಾಗಲ್ಲ.”

ಮತ್ತೊಂದು ದಿನ: “ತರಕಾರಿಯವಳು ನಮ್ಮಮ್ಮನ ಹಾಗೇ ಮಾತಾಡಿದ್ಲು. ನಾನು ಬಾಯಿಬಿಟ್ಟೆ. ‘ಕೆಳಗಿನವರಾ?’ ಅಂತ ಕೇಳಿದ್ಲು.” ಅವಳು ನಗಲು ನೋಡಿದಳು. “ಹೌದು ಅಂದೆ. ಇನ್ನೇನು ಹೇಳಲಿ?”

ಡಿಪೋದಲ್ಲಿ ಯಾವ ಕಡೆ ಎಂದು ಹೇಳುವ ಕೊನೆಯ ದಿನ ಹತ್ತಿರ ಬಂತು. ಗಿಣಿ ಸೇತುವೆ ಮುಚ್ಚುವ ಮುಂಚೆಯೇ ಆ ಕಡೆ ಎಂದು ಹೇಳಿ ಹೋಗಿಯಾಗಿತ್ತು. ಫುಟ್‌ಬೋರ್ಡಿನ ಮೇಲೆ ಡ್ರೈವರ್ ಒಬ್ಬನೇ ಬುತ್ತಿ ತಿನ್ನುತ್ತಿದ್ದ. ಆ ದಿನದ ಹಿಂದಿನ ಸಂಜೆ ಅವನು ಫೋನಿನಲ್ಲಿ ಹೇಳಿದ:

“ನಾಳೆ ಹೇಳಬೇಕು. ನೀನು ಹೂಂ ಅಂದ್ರೆ ಆ ಕಡೆ ಹೇಳ್ತೀನಿ. ಮಹಡಿ ಮನೆ ಆದ್ರೂ ಸರಿ. ಅಮ್ಮನ್ನ ಹೊತ್ಕೊಂಡಾದ್ರೂ ಬರ್ತೀನಿ.”

ಆ ಕಡೆಯಿಂದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

“ಬೇಡ.”

“ಯಾಕೆ?”

“ಇಲ್ಲಿ ಇದ್ಬಿಟ್ರೆ ಇಲ್ಲೀದನ್ನ ನನಗೆ ಯಾರು ಹೇಳ್ತಾರೆ?”

ಅವನು ಕಾದ. ಅವಳಿಗೆ ಇನ್ನೂ ಹೇಳುವುದಿತ್ತು.

“ಬಂದ ದಿನದಿಂದ ಬೀದಿ ಬೀದಿ ಸುತ್ತಿದೆ ರೀ. ಎಲ್ಲ ನೋಡಿದೆ. ನೀವು ತಟ್ಟೆ ಮುಂದೆ ಕೂತು ಹೇಳ್ತಿದ್ದ ಊರು ಸಿಗಲಿಲ್ಲ. ಈ ಕಡೆ ಅಂತ ಹೇಳಿದ್ರೂ ಅದು ಸಿಗಲ್ಲ. ನೀವು ಅಲ್ಲೀದೇ ಡಿಪೋ ಹೇಳಿ. ಸೇತುವೆ ಬಿಟ್ಟ ದಿನ ನಡ್ಕೊಂಡಾದ್ರೂ ಬರ್ತೀನಿ. ಯಾವ ಸರ್ಕಾರದ ಸೇತುವೆ ಆದ್ರೂ ಸರಿ.”

“ಬಸ್ಸು ಇನ್ನು ಸೇತುವೆವರೆಗೇ ಅಂತೆ. ದಾಟೋದು ಅನುಮಾನ. ನಿನಗೆ ಏನು ತರ್ಲಿ ನಾನು?”

“ಕಂಡಷ್ಟು,” ಎಂದಳು. ಆಮೇಲೆ ಎಂದಿನ ದನಿಯಲ್ಲಿ, ತಟ್ಟೆಗೆ ಅನ್ನ ಹಾಕುವವಳ ದನಿಯಲ್ಲಿ, ಕೇಳಿದಳು: “ಇವತ್ತು ಏನು ನೋಡಿದ್ರಿ?”

ಡ್ರೈವರನಿಗೆ ಏನೂ ತೋಚಲಿಲ್ಲ. ದಿನವಿಡೀ ಖಾಲಿ ಬಸ್ಸು, ಅಡ್ಡ ಬಿದ್ದ ಮರ. ಫೋನು ಹಿಡಿದುಕೊಂಡೇ ಎದ್ದು, ಹೊಸಿಲು ದಾಟಿ ಬೀದಿಗಿಳಿದು, ತಿರುಗಿ ನಿಂತು ತನ್ನದೇ ಮನೆಯನ್ನು ನೋಡಿದ. ಪ್ರತಿದಿನ ಹಾದುಹೋದ ಬಾಗಿಲು. ಅದರ ಬಣ್ಣ ಯಾವುದೆಂದು ಯಾರಾದರೂ ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

“ಬಾಗಿಲು ತೆರೆದಿದೆ,” ಎಂದ.

ಹತ್ತಿರ ಹೋಗಿ ಬಗ್ಗಿ ನೋಡಿದ.

“ನಮ್ಮದು. ನಿಜವಾಗ್ಲೂ. ಹಸಿರು ಬಣ್ಣ, ಕೆಳಗೆಲ್ಲ ಎದ್ದುಹೋಗಿದೆ. ಅಮ್ಮನ ಕೋಲು ತಾಗಿ ತಾಗಿ ಒಂದು ಗೀರು ಬಿದ್ದಿದೆ, ಮೊಣಕಾಲೆತ್ತರಕ್ಕೆ.”

ಅವಳು ಉಸಿರಾಡುವುದು ಕೇಳಿಸುತ್ತಿತ್ತು. ಸಾಕು, ನಾಳೆಗಿರಲಿ ಎನ್ನುತ್ತಾಳೆಂದು ಅವನು ಕಾದ.

“ಇನ್ನೊಂದು ಹೇಳಿ,” ಎಂದಳು.